ಮೂರು ಭಾಷೆ ಬೆರೆಸಿ ಆಡಿದರೆ ಕನ್ನಡ ಕೆಡುತ್ತದೆಯೆ?

ಪ್ರಶ್ನೆ: ನಮ್ಮ ರಾಯಚೂರಿನಲ್ಲಿ ಒಬ್ಬನೇ ಮನುಷ್ಯ ಒಂದೇ ಮಾತಿನಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಬೆರೆಸುತ್ತಾನೆ. ಹೀಗಾದರೆ ಕನ್ನಡ ಉಳಿದೀತೆ?

ಉಳಿಯುತ್ತದೆ ಎಂದೇ ನನ್ನ ನಂಬಿಕೆ. ಬೆರಕೆ ಎಂದೊಡನೆ ನಾವು ಶಬ್ದಗಳನ್ನು ಎಣಿಸತೊಡಗುತ್ತೇವೆ. ಆದರೆ ರೈತ, ಜಮೀನು, ಬಾಕಿ, ರಸೀದಿ ಮೊದಲಾದವು ಅರಬ್ಬಿ, ಫಾರ್ಸಿಗಳಿಂದ ಬಂದವೆಂಬುದು ಇಂದು ಯಾರ ನೆನಪಿನಲ್ಲೂ ಇಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಜಿಲ್ಲೆಯಲ್ಲಿ ಕಚೇರಿಯ ಭಾಷೆ ಉರ್ದುವೇ ಆಗಿದ್ದರೂ ಕನ್ನಡ ಅಳಿಯಲಿಲ್ಲ.

ನಿಜವಾದ ಕೊಡುಕೊಳ್ಳುವಿಕೆ ನಡೆಯುವುದು ಶಬ್ದಗಳ ಕೆಳಗೆ, ವಾಕ್ಯದ ಕಟ್ಟಿನಲ್ಲಿ. ಗಂಜ್‌ನಲ್ಲಿ ಭತ್ತದ ಚೀಲ ಇಳಿಸಿ ನೆರಳಿಗೆ ಕುಳಿತ ಹಮಾಲರ ಮಾತನ್ನು ಸ್ವಲ್ಪ ಹೊತ್ತು ಕೇಳಿ. ಕನ್ನಡದವನು "ಊಟ ಗೀಟ" ಎಂದರೆ ತೆಲುಗಿನವನು "ಅನ್ನಂ ಗಿನ್ನಂ" ಎನ್ನುತ್ತಾನೆ, ದಖನಿ ಉರ್ದುವಿನವನು "ಖಾನಾ ಗೀನಾ" ಎನ್ನುತ್ತಾನೆ. ಉತ್ತರದ ಉರ್ದುವಿನಲ್ಲಿ ಇದೇ ಮಾತು "ಖಾನಾ ವಾನಾ". ಅಂದರೆ ಆ 'ಗಿ'ಕಾರವನ್ನು ದಖನಿಗೆ ಕೊಟ್ಟವರು ನಾವು ಮತ್ತು ನಮ್ಮ ತೆಲುಗು ನೆರೆಯವರು. ಇನ್ನೊಂದು ಉದಾಹರಣೆ: "ಬರ್ತೀನಿ ಅಂತ ಹೇಳಿದ" ಎಂಬುದಕ್ಕೆ ದಖನಿಯವರು "ಆತೂಂ ಬೋಲ್ಕೆ ಬೋಲ್ಯಾ" ಎನ್ನುತ್ತಾರೆ. ಉತ್ತರದ ಉರ್ದುವಿನಲ್ಲಿ 'ಹೇಳಿದ' ಎಂಬುದು ಮೊದಲು ಬಂದು, 'ಕಿ' ಸೇರಿ, ಆಮೇಲೆ ಆಡಿದ ಮಾತು ಬರುತ್ತದೆ. ಇಲ್ಲಿ 'ಬೋಲ್ಕೆ' ನಮ್ಮ 'ಅಂತ'ದ ಜಾಗದಲ್ಲಿಯೇ ಕುಳಿತಿದೆ.

ಹಾಗಾದರೆ ಮೂರೂ ಸೇರಿ ಒಂದೇ ಭಾಷೆ ಏಕೆ ಆಗಲಿಲ್ಲ? ಇದಕ್ಕೆ ವ್ಯಾಕರಣವೊಂದರಿಂದಲೇ ಉತ್ತರ ಸಿಗುವುದಿಲ್ಲ. ಭಾಷಾವಿಜ್ಞಾನಿ ಸಮಾಜವನ್ನೂ ಓದಬೇಕಾಗುತ್ತದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನ ಬಗ್ಗೆ 1971ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾರಣಕ್ಕೇ ನನಗೆ ಅಮೂಲ್ಯವೆನಿಸುತ್ತದೆ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದಕ್ಕೊಂದು ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದ ಬದಲಿಸುತ್ತ ಹೋದರೆ ಇನ್ನೊಂದರ ವಾಕ್ಯ ಸಿದ್ಧವಾಗುತ್ತಿತ್ತು. ಆದರೂ ಪದಗಳು ಮಾತ್ರ ಬೇರೆಯಾಗಿಯೇ ಉಳಿದಿದ್ದವು, ಏಕೆಂದರೆ ಬೀದಿಯಲ್ಲಿ ಎಲ್ಲರೊಡನೆ ಬೆರೆತರೂ ಮನೆಯೊಳಗೆ ಪ್ರತಿಯೊಂದು ಸಮುದಾಯವೂ ತನ್ನ ನುಡಿಯನ್ನೇ ಆಡುತ್ತಿತ್ತು.

ಗಂಜ್‌ನಲ್ಲಿ ಮೂರು ಭಾಷೆ ಬೆರೆಸಿ ಆಡಿದ ಆ ಹಮಾಲನೂ ಸಂಜೆ ಮನೆಗೆ ಫೋನ್ ಮಾಡಿದಾಗ "ಯವ್ವಾ, ರೊಟ್ಟಿ ಮಾಡೀಯೇನು?" ಎಂದೇ ಕೇಳುತ್ತಾನೆ.