ಬೋರಿವಲಿ ಕಾಡಿನ ಎತ್ತರ ಎಷ್ಟು?

ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ, ಮುಂಬಯಿಯ ಮುಲುಂಡಿನ ನಮ್ಮೂರ ಹಿರಿಯರೊಬ್ಬರು ಕೇಳಿದ್ದರು: ‘ಉಪಗ್ರಹ ಮೇಲಿಂದ ನೋಡ್ತದೆ, ಸರಿ. ಮರ ಎಷ್ಟು ಎತ್ತರ ಅಂತ ಅದಕ್ಕೆ ಗೊತ್ತಾಗುವುದು ಹೇಗೆ ಮಾರಾಯ್ರೆ?’

ಒಳ್ಳೆಯ ಪ್ರಶ್ನೆ. ಮಾಮೂಲಿ ಉಪಗ್ರಹ ಚಿತ್ರದಲ್ಲಿ ಹಸಿರು ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಅದಕ್ಕೆ ಲೇಸರ್ ಬೇಕು. 2018ರ ಡಿಸೆಂಬರಿನಲ್ಲಿ ನಾಸಾ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ‘ಜೆಡೈ’ ಉಪಕರಣ ಮಾಡುವುದು ಇದನ್ನೇ. ಬಾವಿಗೆ ಕಲ್ಲು ಹಾಕಿ, ಸದ್ದಿಗೆ ಕಾದು ಆಳ ಅಂದಾಜು ಮಾಡುವ ಹಾಗೆ, ಅದು ಬೆಳಕಿನ ಮಿಡಿತ ಕಳಿಸಿ ಮರಳುವ ಹೊತ್ತನ್ನು ಅಳೆಯುತ್ತದೆ. 20 ಮೀಟರ್ ಮರದ ತುದಿಗೆ ತಾಗಿ ಮರಳಿದ ಬೆಳಕಿಗಿಂತ ಬುಡದ ನೆಲಕ್ಕೆ ತಾಗಿದ್ದು ಸುಮಾರು 133 ನ್ಯಾನೋಸೆಕೆಂಡ್ ತಡವಾಗಿ ಬರುತ್ತದೆ. ಆ ಅಂತರವೇ ಎತ್ತರ.

ಆದರೆ ಜೆಡೈ ಇಡೀ ನೆಲವನ್ನು ಅಳೆಯುವುದಿಲ್ಲ. ಸುಮಾರು 25 ಮೀಟರ್ ಅಗಲದ ಚುಕ್ಕೆಗಳನ್ನಷ್ಟೇ ಅಲ್ಲಲ್ಲಿ ಅಳೆಯುತ್ತದೆ. ನಡುವಿನ ಜಾಗವನ್ನು ಲ್ಯಾಂಡ್‌ಸ್ಯಾಟ್, ಸೆಂಟಿನೆಲ್ ಉಪಗ್ರಹಗಳ ಚಿತ್ರಗಳ ಬಣ್ಣ ನೋಡಿ ಕಂಪ್ಯೂಟರ್ ಊಹಿಸಿ ತುಂಬುತ್ತದೆ. ಹಾಗಾಗಿ ನಾವು ನೋಡುವ ಎತ್ತರದ ನಕ್ಷೆಯ ಬಹುಪಾಲು ಅಳತೆಯಲ್ಲ, ಅಂದಾಜು.

ಬೋರಿವಲಿ ಕಾಡಿನಲ್ಲಿ, ಅಂದರೆ ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಈ ಅಂದಾಜು ಎಡವುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಕಾನ್ಹೇರಿ ಗುಹೆಗಳಿರುವ ಗುಡ್ಡಗಳನ್ನೇ ನೋಡಿ. 30 ಡಿಗ್ರಿ ಇಳಿಜಾರಿನಲ್ಲಿ ಒಂದೇ ಚುಕ್ಕೆಯೊಳಗೆ ನೆಲವೇ 14 ಮೀಟರಿನಷ್ಟು ಏರಿರುತ್ತದೆ. ಮೇಲಿನ ಬಂಡೆ ಮರದಂತೆ ಲೆಕ್ಕಕ್ಕೆ ಬರಬಹುದು. ಚುಕ್ಕೆ ಬಿದ್ದ ಜಾಗ ಗುರುತಿಸುವುದರಲ್ಲೂ ಹತ್ತು ಮೀಟರ್ ಆಚೀಚೆ ಆಗುತ್ತದೆ. ಕಾಡಿನ ಗಡಿಗೆ ಒತ್ತಿಕೊಂಡೇ ಗಗನಚುಂಬಿಗಳು ಎದ್ದಿರುವ ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. ಕಟ್ಟಡದ ಎತ್ತರ ಮರದ ಖಾತೆಗೆ ಸೇರಿಬಿಡುತ್ತದೆ. ಮಳೆಗಾಲದ ತಿಂಗಳುಗಳಲ್ಲಂತೂ ಮೋಡ ಅಡ್ಡ.

ಆದ್ದರಿಂದಲೇ ಯಾರಾದರೂ ಮರದಡಿ ಹೋಗಿ ನಿಲ್ಲಬೇಕು. ಟೇಪಿನಲ್ಲಿ 20 ಮೀಟರ್ ದೂರ ಅಳೆದು, ಕೋನ ಅಳೆಯುವ ಕ್ಲೈನೋಮೀಟರಿನಲ್ಲಿ ತುದಿ ನೋಡಬೇಕು. ಕೋನ 40 ಡಿಗ್ರಿ ಬಂದರೆ, ಸಮತಟ್ಟು ನೆಲದಲ್ಲಿ 20ನ್ನು ಆ ಕೋನದ ಟ್ಯಾನ್ ಬೆಲೆ 0.84ರಿಂದ ಗುಣಿಸಿ, ಕಣ್ಣಿನ ಎತ್ತರ ಒಂದೂವರೆ ಮೀಟರ್ ಕೂಡಿಸಿದರೆ ಆಯಿತು: ಹದಿನೆಂಟು ಮೀಟರಿಗೆ ತುಸು ಹೆಚ್ಚು. ಹೈಸ್ಕೂಲಿನ ತ್ರಿಕೋನಮಿತಿ ಸಾಕು. ಕಾಲೇಜು ಮಕ್ಕಳು ಸಲೀಸಾಗಿ ಮಾಡಬಲ್ಲ ಈ ಕೆಲಸಕ್ಕೆ ನಮ್ಮಲ್ಲಿ ಸಿಗಬೇಕಾದ ಬೆಲೆ ಸಿಕ್ಕಿಲ್ಲ ಎಂಬುದು ನನ್ನ ಬೇಸರ.

ಪೊದೆಗಳ ವಿಷಯದಲ್ಲಿ ನೆಲದ ಅಳತೆಯೇ ಗತಿ. ಎರಡು ಮೀಟರ್ ಪೊದೆಯಿಂದ ಮರಳಿದ ಬೆಳಕೂ ನೆಲದಿಂದ ಬಂದದ್ದೂ ಒಂದರೊಳಗೊಂದು ಬೆರೆತುಹೋಗುತ್ತವೆ. ಈ ಕಾಡಿನ ಕಾರ್ವಿ ಎಂಬ ಪೊದೆ ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಕಟ್ಟಿ, ಒಣಗಿ ಸಾಯುತ್ತದೆ. ಮರಗಳ ಕೆಳಗಿನ ಇಡೀ ಪದರ ಕುಸಿದು ಮತ್ತೆ ಮೊಳಕೆಯಿಂದ ಏಳುತ್ತದೆ. ಎತ್ತರದ ನಕ್ಷೆಯಲ್ಲಿ ಇದರ ಸುಳಿವೂ ಸಿಗದು. ಜಿಪಿಎಸ್‌ನಲ್ಲಿ ಗುರುತು ಹಾಕಿಟ್ಟ ಅದೇ ಜಾಗಗಳಿಗೆ ಪ್ರತಿ ವರ್ಷ ಅಳತೆಕೋಲು ಹಿಡಿದು ಹೋದವರಿಗಷ್ಟೇ ಅದು ಸಿಗುತ್ತದೆ.