ಸಿಲೆಸಾರಸ್ ಡೈನೋಸಾರ್ ಹೌದೋ ಅಲ್ವೋ?

ಪ್ರಶ್ನೆ: ಸಿಲೆಸಾರಸ್ ಡೈನೋಸಾರ್ ಅಂತ ಒಂದು ಕಡೆ ಇರುತ್ತದೆ. ಇನ್ನೊಂದು ಕಡೆ, ಡೈನೋಸಾರ್ ಅಲ್ಲ, ಅದರ ಹತ್ತಿರದ ಸಂಬಂಧಿ ಅಂತ ಇರುತ್ತದೆ. ಯಾವುದು ಸರಿ? ಇಷ್ಟೊಂದು ಮೂಳೆ ಸಿಕ್ಕಿರುವಾಗ ನೋಡಿ ಹೇಳೋಕೆ ಏನು ಕಷ್ಟ?

ಉತ್ತರ: ಇಲ್ಲಿಯವರೆಗೆ ಹೆಚ್ಚಿನ ತಜ್ಞರು ಅದನ್ನು ಡೈನೋಸಾರ್‌ಗಳ ಸಾಲಿನಿಂದ ಹೊರಗೇ ಇಟ್ಟಿದ್ದಾರೆ, ಆದರೆ ಹೊಸಿಲಿನ ಪಕ್ಕದಲ್ಲೇ. "ಹೊರಗೆ ಯಾಕೆ, ಅದು ಡೈನೋಸಾರೇ" ಅನ್ನುವವರೂ ಇದ್ದಾರೆ. ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಎರಡೂ ಕಡೆಯವರ ಮುಂದೆ ಇರುವುದು ಅವೇ ಮೂಳೆಗಳು.

ಮೊದಲು ಪ್ರಾಣಿಯ ಪರಿಚಯ. ಪೋಲೆಂಡ್‌ನ ದಕ್ಷಿಣಕ್ಕೆ, ಸಿಲೇಸಿಯಾ ಪ್ರಾಂತ್ಯದ ಒಪೋಲೆ ಪಟ್ಟಣದ ಹತ್ತಿರ ಕ್ರಾಶೆಯೂಫ್ ಅನ್ನೋ ಹಳ್ಳಿಯಿದೆ. ಅಲ್ಲಿ ಸಿಮೆಂಟ್ ಕಾರ್ಖಾನೆಗೆ ಜೇಡಿಮಣ್ಣು ತೆಗೆಯುತ್ತಿದ್ದ ಗುಂಡಿಯಲ್ಲಿ ರಾಶಿ ರಾಶಿ ಪಳೆಯುಳಿಕೆ ಸಿಕ್ಕವು. 2003ರಲ್ಲಿ ಯೆಜಿ ಜಿಕ್ ಎಂಬ ವಿಜ್ಞಾನಿ ಅವುಗಳಲ್ಲೊಂದಕ್ಕೆ ಸಿಲೆಸಾರಸ್ ಒಪೋಲೆನ್ಸಿಸ್ ಅಂತ ಹೆಸರಿಟ್ಟರು. ವಯಸ್ಸು ಸುಮಾರು 23 ಕೋಟಿ ವರ್ಷ. ಮೂತಿಯಿಂದ ಬಾಲದ ತುದಿಗೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ಸಪೂರ ಮೈ, ಉದ್ದನೆ ತೆಳು ಕಾಲುಗಳು, ನಾಲ್ಕು ಕಾಲಿನ ನಡಿಗೆ. ಸುಮಾರು 20 ಪ್ರಾಣಿಗಳ ಮೂಳೆಗಳು ಒಂದೇ ಕಡೆ ಸಿಕ್ಕಿವೆ. ಟ್ರಯಾಸಿಕ್ ಅನ್ನೋ ಆ ಕಾಲದ ಎಷ್ಟೋ ಪ್ರಾಣಿಗಳು ಒಂದು ತುಂಡು ದವಡೆಯಲ್ಲೋ ಅರ್ಧ ತೊಡೆಮೂಳೆಯಲ್ಲೋ ಮುಗಿದುಹೋಗುತ್ತವೆ. ಹಾಗಾಗಿ ಇಲ್ಲಿ ಮೂಳೆಯ ಬರ ಅಂತ ದೂರುವ ಹಾಗಿಲ್ಲ.

ಹಾಗಾದರೆ ತಕರಾರು ಎಲ್ಲಿಂದ ಬಂತು? "ಡೈನೋಸಾರ್" ಅಂತ ಯಾರನ್ನು ಕರೆಯಬೇಕು ಅನ್ನೋದರಿಂದ. 1842ರಲ್ಲಿ ರಿಚರ್ಡ್ ಓವನ್ ಈ ಗುಂಪನ್ನು ಮಾಡಿದಾಗ ಮೈಲಕ್ಷಣಗಳನ್ನು ಹಿಡಿದು ಮಾಡಿದರು. ಈಗ ವಂಶ ಹಿಡಿದು ಹೇಳುತ್ತಾರೆ. ಬಹಳ ಕಾಲ ಬಳಕೆಯಲ್ಲಿದ್ದ ಒಂದು ವ್ಯಾಖ್ಯೆ ಹೀಗಿದೆ: ಟ್ರೈಸೆರಾಟಾಪ್ಸ್ ಮತ್ತು ಮನೆಗುಬ್ಬಿ, ಇವೆರಡಕ್ಕೂ ಸಮಾನವಾದ ತೀರಾ ಈಚಿನ ಪೂರ್ವಜ ಯಾವುದೋ ಅದು, ಮತ್ತು ಅದರ ಸಂತಾನ ಪೂರ್ತಿ. ಗುಬ್ಬಿ ಯಾಕೆ ಅಂತೀರಾ? ಹಕ್ಕಿಗಳೂ ಆ ಸಂತಾನದಲ್ಲೇ ಬರುತ್ತವಲ್ಲ. ಅಂದರೆ ಸಿಲೆಸಾರಸ್ ನೋಡೋಕೆ ಎಷ್ಟೇ ಡೈನೋಸಾರ್ ತರ ಇರಲಿ, ಆ ಪೂರ್ವಜನಿಗಿಂತ ಮೊದಲೇ ಅದರ ಕವಲು ಬೇರೆಯಾಗಿದ್ದರೆ ಅದು ಹೊರಗೆ. ಆಮೇಲೆ ಬೇರೆಯಾಗಿದ್ದರೆ ಒಳಗೆ. ಮೂಳೆಗಳ ಕೆಲಸ ಏನಿದ್ದರೂ ಆ ಕವಲು ಎಲ್ಲಿ ಒಡೆಯಿತು ಅನ್ನೋದಕ್ಕೆ ಸಾಕ್ಷಿ ಹೇಳುವುದು.

ಸಾಕ್ಷಿಗಳಲ್ಲಿ ಹೆಸರುವಾಸಿ ಸೊಂಟ. ತೊಡೆಮೂಳೆಯ ತಲೆ ಕೂರುವ ಗುಳಿ ಡೈನೋಸಾರ್‌ಗಳಲ್ಲಿ ಗುಳಿಯಾಗಿ ಇರುವುದಿಲ್ಲ. ಆರಪಾರ ತೂತು, ಈ ಕಡೆಯಿಂದ ಆ ಕಡೆ ಕಾಣುತ್ತದೆ. ಸಿಲೆಸಾರಸ್‌ನಲ್ಲಿ ಅಲ್ಲಿ ಮೂಳೆಯ ಗೋಡೆ ಇದೆ, ಅದರ ಕೆಳ ಅಂಚಿನಲ್ಲಿ ಸಣ್ಣ ಕಚ್ಚು ಮಾತ್ರ. ಹಾಗಾದರೆ ಕೇಸು ಮುಗೀತು ಅಲ್ವಾ? ಮುಗಿಯಲಿಲ್ಲ. ಸ್ಯಾಟರ್ನೇಲಿಯಾದಂಥ ಹಳೆಯ ಡೈನೋಸಾರ್‌ಗಳಲ್ಲೂ ಈ ತೂತು ಅರ್ಧಂಬರ್ಧ ತೆರೆದಿದೆ. ಬಹಳ ಕಾಲದ ಮೇಲೆ ಬಂದ, ಮೈಮೇಲೆ ಮೂಳೆಯ ಕವಚವಿದ್ದ ಆಂಕೈಲೋಸಾರ್‌ಗಳಲ್ಲಂತೂ ತೂತು ಮತ್ತೆ ಮುಚ್ಚಿಹೋಗಿದೆ. ಅವು ಡೈನೋಸಾರ್ ಅನ್ನೋದರಲ್ಲಿ ಯಾರಿಗೂ ಅನುಮಾನವಿಲ್ಲ. ಒಂದೇ ಲಕ್ಷಣ ನಂಬಿ ಕೂತರೆ ಹೀಗೇ ಆಗುತ್ತದೆ.

ಅದಕ್ಕೇ ಈಗ ನೂರಾರು ಲಕ್ಷಣಗಳನ್ನು ಒಟ್ಟಿಗೆ ತೂಗುತ್ತಾರೆ. ಒಂದು ದೊಡ್ಡ ಕೋಷ್ಟಕ. ಸಾಲಿಗೊಂದು ಪ್ರಾಣಿ, ಕಂಬಕ್ಕೊಂದು ಲಕ್ಷಣ. ಇದ್ದರೆ 1, ಇಲ್ಲದಿದ್ದರೆ 0, ಆ ಮೂಳೆಯೇ ಸಿಕ್ಕಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಅತಿ ಕಡಿಮೆ ಬದಲಾವಣೆಗಳಲ್ಲಿ ಇಡೀ ಕೋಷ್ಟಕವನ್ನು ವಿವರಿಸುವ ವಂಶವೃಕ್ಷ ಯಾವುದು ಅಂತ ಕಂಪ್ಯೂಟರ್ ಹುಡುಕುತ್ತದೆ. ಕೇಳೋಕೆ ಚೊಕ್ಕವಾಗಿದೆ. ಆದರೆ 0 ಹಾಕಬೇಕೋ 1 ಹಾಕಬೇಕೋ ಅಂತ ತೀರ್ಮಾನ ಮಾಡುವುದು ಮನುಷ್ಯರೇ, ಜಗಳ ಇರುವುದೂ ಅಲ್ಲೇ. ಸಿಲೆಸಾರಸ್‌ನ ಬಳಗದ ಆಸಿಲಿಸಾರಸ್ ಅನ್ನೋ ಪ್ರಾಣಿಯ ಹಲವು ತೊಡೆಮೂಳೆಗಳು ಟಾಂಜಾನಿಯಾದಲ್ಲಿ ಸಿಕ್ಕಿವೆ. ಸ್ನಾಯು ಅಂಟಿಕೊಳ್ಳುವ ಗೀರು, ಉಬ್ಬುಗಳು ಎಲ್ಲದರಲ್ಲೂ ಒಂದೇ ತರ ಇಲ್ಲ. ಬೆಳೆಯುತ್ತಾ ಬಂದ ಹಾಗೆ ಮೂಡುತ್ತವೆ, ಎಲ್ಲವಕ್ಕೂ ಒಂದೇ ಕ್ರಮದಲ್ಲೂ ಮೂಡುವುದಿಲ್ಲ. ಸಿಕ್ಕಿದ್ದೊಂದೇ ಮೂಳೆ, ಅದೂ ಮರಿಯದ್ದು ಅಂತಾದರೆ "ಈ ಲಕ್ಷಣ ಇಲ್ಲ" ಅಂತ ಬರೆದುಬಿಡುವುದು ಬಹಳ ಸುಲಭ.

ಇನ್ನು "ಅದು ಡೈನೋಸಾರೇ" ಅನ್ನುವವರ ಗಟ್ಟಿ ಸಾಕ್ಷಿ, ಕೆಳದವಡೆಯ ತುದಿ. ಸಿಲೆಸಾರಸ್‌ಗೆ ಅಲ್ಲಿ ಹಲ್ಲಿಲ್ಲ, ಚೂಪಾದ ಕೊಕ್ಕಿನಂಥ ತುದಿ ಇದೆ. ಟ್ರೈಸೆರಾಟಾಪ್ಸ್, ಇಗ್ವಾನೊಡಾನ್ ಸೇರುವ ಆರ್ನಿಥಿಸ್ಕಿಯನ್ ಗುಂಪಿನಲ್ಲೂ ದವಡೆಯ ತುದಿಗೆ ಕೊಕ್ಕು ಇರುತ್ತದೆ. ಆದರೆ ಅವುಗಳಲ್ಲಿ ಅದು ಪ್ರಿಡೆಂಟರಿ ಅನ್ನೋ ಬೇರೆಯದೇ ಒಂಟಿ ಮೂಳೆ. ಸಿಲೆಸಾರಸ್‌ನಲ್ಲಿ ಎಡ ಬಲ ದವಡೆಗಳೇ ಮುಂದೆ ಚಾಚಿ ಚೂಪಾಗಿವೆ. ಬ್ರೆಜಿಲ್‌ನ ಸ್ಯಾಸಿಸಾರಸ್ ಇಲ್ಲಿ ನಡುವೆ ಬರುತ್ತದೆ. ಅದೂ ಇದೇ ಬಳಗದ್ದು. ಅದರ ದವಡೆಯ ತುದಿ, ಹಲ್ಲಿರುವ ಭಾಗದಿಂದ ಬೇರೆಯಾಗಿರುವ ಹಾಗೆ ಕಾಣುತ್ತದೆ, ಆದರೆ ಎರಡು ಪಕ್ಕಕ್ಕೂ ಒಂದೊಂದು. ಇಂಥ ಎರಡು ತುಂಡುಗಳೇ ಮುಂದೆ ಕೂಡಿಕೊಂಡು ಒಂದು ಪ್ರಿಡೆಂಟರಿ ಆಗಿರಬಹುದು ಅನ್ನುವುದು ಅವರ ವಾದ.

ಈ ವಾದಕ್ಕೆ ಬಲ ಕೊಡುವ ಇನ್ನೊಂದು ಸಂಗತಿ ಇದೆ. ಯಾರೂ ತಕರಾರು ಮಾಡದ ಆರ್ನಿಥಿಸ್ಕಿಯನ್ ಪಳೆಯುಳಿಕೆಗಳು ಶುರುವಾಗುವುದು ಟ್ರಯಾಸಿಕ್ ಆದ ಮೇಲೆ ಬಂದ ಜುರಾಸಿಕ್‌ನ ಆರಂಭದಲ್ಲಿ, ಸುಮಾರು 20 ಕೋಟಿ ವರ್ಷದ ಹಿಂದೆ. ಉಳಿದ ಡೈನೋಸಾರ್ ಗುಂಪುಗಳು 23 ಕೋಟಿ ವರ್ಷದ ಹಿಂದೆಯೇ ಇದ್ದವು. ಒಂದೇ ಮೂಲದಿಂದ ಒಡೆದ ಕವಲುಗಳು ಒಂದೇ ಹೊತ್ತಿಗೆ ಶುರುವಾಗಿರಬೇಕು ತಾನೇ? ಹಾಗಾದರೆ ನಡುವಿನ 3 ಕೋಟಿ ವರ್ಷ ಆರ್ನಿಥಿಸ್ಕಿಯನ್‌ಗಳು ಎಲ್ಲಿದ್ದವು? ಅರ್ಜೆಂಟೀನಾದಲ್ಲಿ ಸಿಕ್ಕ, 1967ರಲ್ಲಿ ಹೆಸರಿಟ್ಟ ಪಿಸಾನೊಸಾರಸ್‌ನ, ಇದೇ ಟ್ರಯಾಸಿಕ್‌ನ ಆರ್ನಿಥಿಸ್ಕಿಯನ್ ಅಂತ ತೋರಿಸಿ ಬಹಳ ಕಾಲ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. 2017ರಲ್ಲಿ ಅದನ್ನು ಮತ್ತೆ ಪರೀಕ್ಷಿಸಿದವರು, ಇದು ಸಿಲೆಸಾರಸ್ ಬಳಗದ್ದು ಅಂದುಬಿಟ್ಟರು. 2020ರಲ್ಲಿ ಬ್ರೆಜಿಲ್‌ನ ರೋಡ್ರಿಗೊ ಮುಲ್ಲರ್ ಮತ್ತು ಮಾರಿಸಿಯೊ ಗಾರ್ಸಿಯಾ ಇದನ್ನೇ ತಿರುಗಿಸಿ ಹಿಡಿದರು. ಸಿಲೆಸಾರಸ್ ಬಳಗ ಒಂದು ಪ್ರತ್ಯೇಕ ಕವಲೇ ಅಲ್ಲ, ಆರ್ನಿಥಿಸ್ಕಿಯನ್‌ಗಳ ಕಡೆಗೆ ಹತ್ತುವ ಮೆಟ್ಟಿಲುಗಳ ಸಾಲು ಅಂತ. ಹಾಗಿದ್ದರೆ ಖಾಲಿ ಜಾಗ ತುಂಬುತ್ತದೆ, ಸಿಲೆಸಾರಸ್ ಕೂಡ ಡೈನೋಸಾರ್ ಆಗುತ್ತದೆ.

ನನಗೆ ಇದು ಇಷ್ಟವಾಗುವ ವಿವರಣೆ. ಇಷ್ಟವಾಗುತ್ತದೆ ಅನ್ನೋದೇ ನನ್ನ ಅನುಮಾನಕ್ಕೂ ಕಾರಣ. ಖಾಲಿ ಜಾಗ ತುಂಬುತ್ತದೆ ಅನ್ನೋದು ಸಾಕ್ಷಿಯಲ್ಲ, ಅನುಕೂಲ ಅಷ್ಟೇ. ಸಿಲೆಸಾರಸ್‌ನ ತೋಳಿನ ಮೇಲ್ಮೂಳೆಯ ಏಣು ಚಿಕ್ಕದು. ಡೈನೋಸಾರ್‌ಗಳಲ್ಲಿ ಅದು ಮೂಳೆಯ ಉದ್ದದ ಸುಮಾರು ಮೂರನೇ ಒಂದು ಭಾಗದವರೆಗೂ ಇಳಿದಿರುತ್ತದೆ. ಕೊಕ್ಕನ್ನೂ ಅಷ್ಟು ನಂಬುವ ಹಾಗಿಲ್ಲ. ಒಂದೇ ತರದ ಬದುಕು ಇದ್ದರೆ ಬೇರೆ ಬೇರೆ ವಂಶಗಳಲ್ಲೂ ಒಂದೇ ತರದ ಬಾಯಿ ಬರಬಹುದು. ಆಮೆಗೂ ಕೊಕ್ಕಿದೆ, ಹಕ್ಕಿಗೂ ಇದೆ.

ಆ ಬಾಯಿ ಏನು ತಿನ್ನುತ್ತಿತ್ತು ಅನ್ನೋದೂ ಸ್ವಾರಸ್ಯದ ಕತೆ. ಹಲ್ಲು, ಕೊಕ್ಕು ನೋಡಿ ಸೊಪ್ಪು ತಿನ್ನುವ ಪ್ರಾಣಿ ಇರಬೇಕು ಅಂದುಕೊಂಡಿದ್ದರು. ಅದೇ ಕ್ರಾಶೆಯೂಫ್‌ನಲ್ಲಿ ಕಲ್ಲಾಗಿಹೋದ ಹಿಕ್ಕೆಗಳೂ ಸಿಕ್ಕಿವೆ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಸಿಂಕ್ರೋಟ್ರಾನ್ ಅನ್ನೋ ದೊಡ್ಡ ಯಂತ್ರದ ಪ್ರಖರ ಎಕ್ಸ್-ರೇ ಹಾಯಿಸಿ ನೋಡಿದರೆ ಒಳಗೆ ಜೀರುಂಡೆಗಳ ಚೂರುಗಳು! 2021ರಲ್ಲಿ ಅಂಥ ಒಂದು ಹಿಕ್ಕೆಯಿಂದ ಟ್ರಯಾಮಿಕ್ಸಾ ಅನ್ನೋ ಹೊಸ ಜೀರುಂಡೆಯನ್ನೇ ಗುರುತಿಸಿದರು. ಒಂದೂವರೆ ಮಿಲಿಮೀಟರ್ ಆಸುಪಾಸಿನ ಹುಳ, ಕಾಲು ಮತ್ತು ಮೀಸೆಯ ಸಮೇತ ಉಳಿದಿದೆ. ಹಿಕ್ಕೆ ಸಿಲೆಸಾರಸ್‌ನದೇ ಇರಬೇಕು ಅನ್ನುವುದು ಸಂಶೋಧಕರ ಊಹೆ. ಊಹೆ ನಿಜವಾದರೆ, ಕೊಕ್ಕಿರುವುದೆಲ್ಲ ಸೊಪ್ಪು ತಿನ್ನುವುದಕ್ಕೇ ಅಂತ ಹೇಳೋಕಾಗಲ್ಲ.

ಈ ಜಗಳದ ಬಿಸಿ ಪತ್ರಿಕೆಯ ತಲೆಬರಹದವರೆಗೂ ತಟ್ಟುತ್ತದೆ. ಟಾಂಜಾನಿಯಾದ ಆಸಿಲಿಸಾರಸ್‌ಗೆ 2010ರಲ್ಲಿ ಹೆಸರಿಟ್ಟಾಗ ಹೇಳಿದ ವಯಸ್ಸು ಸುಮಾರು 24.5 ಕೋಟಿ ವರ್ಷ. ಈ ಬಳಗವನ್ನು ಒಳಗೆ ಸೇರಿಸಿಕೊಂಡರೆ ಡೈನೋಸಾರ್‌ಗಳ ಚರಿತ್ರೆ ಒಂದೇ ಏಟಿಗೆ 1 ಕೋಟಿ ವರ್ಷಕ್ಕಿಂತ ಹಿಂದಕ್ಕೆ ಹೋಗುತ್ತದೆ. 2024ರಲ್ಲಿ ಬ್ರೆಜಿಲ್‌ನಿಂದ ಗೊಂಡ್ವಾನಾಕ್ಸ್ ಅನ್ನೋ 23.7 ಕೋಟಿ ವರ್ಷದ ಪ್ರಾಣಿಯ ಸುದ್ದಿ ಬಂತು. ಅದೂ ಸಿಲೆಸಾರಸ್ ಬಳಗದ್ದೇ. ಹಾಗಾಗಿ "ಅತಿ ಹಳೆಯ ಡೈನೋಸಾರ್ ಪತ್ತೆ" ಅಂತ ಕಂಡರೆ, ಬರೆದವರು ಈ ಬಳಗವನ್ನು ಒಳಗೆ ಇಟ್ಟಿದ್ದಾರೋ ಹೊರಗೆ ಇಟ್ಟಿದ್ದಾರೋ ಅಂತ ಮೊದಲು ನೋಡಿ. "ಡೈನೋಸಾರಿಫಾರ್ಮ್" ಅಂತ ಬರೆದಿದ್ದರೆ ಅದು ಇನ್ನೂ ದೊಡ್ಡ ಗುಂಪಿನ ಹೆಸರು. ಡೈನೋಸಾರ್‌ಗಳೂ ಸಿಲೆಸಾರಸ್ ಬಳಗವೂ ಎರಡೂ ಅದರಲ್ಲಿ ಬರುತ್ತವೆ, ಯಾವ ವಾದ ಗೆದ್ದರೂ ಆ ಮಾತು ತಪ್ಪಾಗುವುದಿಲ್ಲ.

ಏನು ಸಿಕ್ಕರೆ ಜಗಳ ಮುಗಿಯಬಹುದು? ಟ್ರಯಾಸಿಕ್‌ನ ಒಂದೇ ಪ್ರಾಣಿಯಲ್ಲಿ ದವಡೆ, ಸೊಂಟ ಎರಡೂ ಸಿಗಬೇಕು. ಆರ್ನಿಥಿಸ್ಕಿಯನ್‌ಗಳಲ್ಲಿ ಸೊಂಟದ ಪ್ಯೂಬಿಸ್ ಮೂಳೆ ಹಿಂದಕ್ಕೆ ಬಾಗಿರುತ್ತದೆ, ಸಿಲೆಸಾರಸ್‌ನಲ್ಲಿ ಮುಂದಕ್ಕೆ ಚಾಚಿದೆ. ಅರ್ಧ ತಿರುಗಿದ ಪ್ಯೂಬಿಸ್, ಆಗಷ್ಟೇ ಕೂಡಿಕೊಳ್ಳುತ್ತಿರುವ ಪ್ರಿಡೆಂಟರಿ ಎರಡೂ ಒಂದೇ ಅಸ್ಥಿಪಂಜರದಲ್ಲಿ ಕಂಡರೆ, ನಾನೂ ಪಕ್ಷ ಬದಲಾಯಿಸುತ್ತೇನೆ.