ಗ್ರಂಥಿ ಬೆಳೆಯಿತೋ, ಇಲಿ ಬಡವಾಯಿತೋ?

ಅಧಿಕ ಗುರುತ್ವದ ಪ್ರಯೋಗಗಳ (ಪ್ರಾಣಿಗಳನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ತಿರುಗಿಸಿ ಅವುಗಳ ಮೈಭಾರ ಹೆಚ್ಚಿಸುವ ಪ್ರಯೋಗಗಳ) ಕುರಿತು ನನ್ನ ಬಳಿ ಪರಿಶೀಲನೆಗೆ ಬರುವ ಪ್ರಬಂಧಗಳಲ್ಲಿ ಒಂದು ಸಾಲು ತಪ್ಪುವುದೇ ಇಲ್ಲ: ‘ಸೆಂಟ್ರಿಫ್ಯೂಜ್‌ನಲ್ಲಿ ಇರಿಸಿದ ಇಲಿಗಳ ಅಡ್ರಿನಲ್ ಗ್ರಂಥಿ ಗಣನೀಯವಾಗಿ ದೊಡ್ಡದಾಗಿದೆ.’ ಒತ್ತಡದ ಹಾರ್ಮೋನು ಸ್ರವಿಸುವ ಗ್ರಂಥಿ ಇದು. ಕೋಷ್ಟಕ ನೋಡಿದರೆ, ನೂರು ಗ್ರಾಂ ದೇಹತೂಕಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ ಮಾತ್ರ ಇರುತ್ತದೆ. ಗ್ರಂಥಿ ತಕ್ಕಡಿಯಲ್ಲಿ ಎಷ್ಟು ತೂಗಿತು ಎಂಬುದು ಎಲ್ಲಿಯೂ ಇರುವುದಿಲ್ಲ. ಕೇಳಿದರೆ ‘ಎಲ್ಲರೂ ಹೀಗೇ ಬರೆಯುತ್ತಾರೆ ಸರ್’ ಎನ್ನುತ್ತಾರೆ.

ಲೆಕ್ಕವನ್ನೇ ಮಾಡಿ ನೋಡೋಣ. ಒಂದು ಇಲಿ 300 ಗ್ರಾಂ ಇದೆ, ಅದರ ಎರಡೂ ಅಡ್ರಿನಲ್ ಸೇರಿ 45 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ನೂರು ಗ್ರಾಂಗೆ 15 ಮಿಲಿಗ್ರಾಂ ಆಯಿತು. ಎರಡು ಪಟ್ಟು ಗುರುತ್ವದಲ್ಲಿ ಅದು ಮೊದಲ ಕೆಲವು ದಿನ ಸರಿಯಾಗಿ ತಿನ್ನುವುದಿಲ್ಲ. ತೂಕ 250 ಗ್ರಾಂಗೆ ಇಳಿಯಿತು, ಗ್ರಂಥಿ ಇದ್ದಷ್ಟೇ ಇದೆ ಎನ್ನೋಣ. ಈಗ ಲೆಕ್ಕ 18 ಮಿಲಿಗ್ರಾಂ. ಶೇ 20ರಷ್ಟು ಏರಿಕೆ! ಗ್ರಂಥಿ ಮಾತ್ರ ಒಂದು ಮಿಲಿಗ್ರಾಂ ಕೂಡ ಬೆಳೆದಿಲ್ಲ. ಕೆರೆಯ ನೀರು ಇಳಿದಾಗ ಬಂಡೆ ಎದ್ದು ಕಾಣುತ್ತದೆ. ಬಂಡೆ ಬೆಳೆಯಿತು ಎಂದು ಯಾರೂ ಹೇಳುವುದಿಲ್ಲ.

ಪ್ರಾಣಿ ಒಗ್ಗಿಕೊಂಡ ಮೇಲೆ ಈ ತೊಡಕು ತಾನಾಗಿ ಬಗೆಹರಿಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ಬಗೆಹರಿಯುವುದಿಲ್ಲ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಸ್ಮಿತ್ ಅವರ ತಂಡ ಕೋಳಿಗಳನ್ನು ತಿಂಗಳುಗಟ್ಟಲೆ ಸೆಂಟ್ರಿಫ್ಯೂಜ್‌ನಲ್ಲಿ ಸಾಕಿತ್ತು. ಚೆನ್ನಾಗಿ ಒಗ್ಗಿಕೊಂಡ ಕೋಳಿಗಳ ಮೈಯಲ್ಲಿಯೂ ಕೊಬ್ಬು ಕಡಿಮೆಯೇ ಇತ್ತು. ಭಾಗಿಸುವ ಸಂಖ್ಯೆಯೇ ಬದಲಾಗಿ ಕುಳಿತಿರುವಾಗ ಭಾಗಲಬ್ಧವನ್ನು ನಂಬುವುದು ಹೇಗೆ?

ಅಡ್ರಿನಲ್ ಬೆಳೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸೆಂಟ್ರಿಫ್ಯೂಜ್ ತಿರುಗಲು ಆರಂಭವಾದಾಗ ಇಲಿಯ ರಕ್ತದಲ್ಲಿ ಕಾರ್ಟಿಕೋಸ್ಟಿರೋನ್, ಅಂದರೆ ಅಡ್ರಿನಲ್ ಸ್ರವಿಸುವ ಒತ್ತಡದ ಹಾರ್ಮೋನು, ನಿಜವಾಗಿಯೂ ಏರುತ್ತದೆ. ಅಡ್ರಿನಲ್‌ಗೆ ಆದೇಶ ಕೊಡುವ, ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿಯ ಒತ್ತಾಯ ಹೆಚ್ಚು ಕಾಲ ಮುಂದುವರಿದರೆ ಅಡ್ರಿನಲ್‌ನ ಹೊರಪದರ ದಪ್ಪವಾಗುತ್ತದೆ, ಎದೆಯಲ್ಲಿರುವ, ರೋಗನಿರೋಧಕ ಕೋಶಗಳು ಬಲಿಯುವ ಥೈಮಸ್ ಗ್ರಂಥಿ ಕುಗ್ಗುತ್ತದೆ. ಬೇರೆ ಬೇರೆ ಆಘಾತಗಳಿಗೂ ಇಲಿಯ ದೇಹ ಹೀಗೆಯೇ ಸ್ಪಂದಿಸುತ್ತದೆ ಎಂದು ಒತ್ತಡದ ಸಂಶೋಧಕ ಹಾನ್ಸ್ ಸೆಲ್ಯೆ 1936ರಲ್ಲಿಯೇ ತೋರಿಸಿದ್ದರು. ಆದರೆ ಗುರುತ್ವ ಹಾಗೆಯೇ ಇದ್ದರೂ ದಿನಗಳು, ವಾರಗಳು ಕಳೆದಂತೆ ಹಾರ್ಮೋನಿನ ಮಟ್ಟ ಸಾಮಾನ್ಯವಾಗಿ ಹಳೆಯ ಮಟ್ಟದತ್ತ ಇಳಿಯುತ್ತದೆ. ಎರಡನೆಯ ದಿನದ ಮಾದರಿಯನ್ನೂ ಮೂವತ್ತನೆಯ ದಿನದ ಮಾದರಿಯನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಬೇಡಿ.

ಹಸಿವಿನ ಪ್ರಶ್ನೆ ಅಡ್ರಿನಲ್‌ಗೆ ಮುಗಿಯುವುದಿಲ್ಲ. ಉಪವಾಸವಿದ್ದ ಇಲಿಯಲ್ಲಿ ಥೈರಾಯ್ಡ್ ಹಾರ್ಮೋನು ಇಳಿಯುತ್ತದೆ, ಸಂತಾನೋತ್ಪತ್ತಿಯ ಹಾರ್ಮೋನುಗಳೂ ತಗ್ಗುತ್ತವೆ. ಅದಕ್ಕೆ ಗುರುತ್ವ ಬೇಕಿಲ್ಲ. ಆದ್ದರಿಂದ ಸೆಂಟ್ರಿಫ್ಯೂಜ್‌ನ ಇಲಿ ಎಷ್ಟು ತಿಂದಿತೋ ಅಷ್ಟೇ ಆಹಾರವನ್ನು ನೆಲದ ಮೇಲಿನ ಇನ್ನೊಂದು ಇಲಿಗೂ ಕೊಟ್ಟು ಹೋಲಿಸಬೇಕು. ಒಬ್ಬ ವಿದ್ಯಾರ್ಥಿನಿ ಪಂಜರದಲ್ಲಿ ಉಳಿದ ಆಹಾರದ ಚೂರುಗಳನ್ನು ಹೊಟ್ಟಿನಿಂದ ಆರಿಸಿ ದಿನವೂ ತೂಗಿ ಬರೆದಿಡುತ್ತಿದ್ದಳು. ಆ ಪುಸ್ತಕದ ಅಂಚಿನಲ್ಲಿ ಇಲಿಯ ಮೂತ್ರದ ಕಲೆಗಳೂ ಇದ್ದವು. ಅವಳ ಮಾರ್ಗದರ್ಶಕರಿಗೆ ಅದು ಬೇಡದ ಕೆಲಸವಾಗಿ ಕಂಡಿತ್ತು. ಇಡೀ ಪ್ರಬಂಧದಲ್ಲಿ ನನಗೆ ನಂಬಿಕೆ ಬಂದದ್ದು ಆ ಪುಸ್ತಕದ ಮೇಲೆಯೇ.

ಇನ್ನು ಹೊರಗಿನವರ ಪ್ರಶ್ನೆ: ‘ಅಷ್ಟು ಭಾರಕ್ಕೆ ಗ್ರಂಥಿ ಹಿಂಡಿದಂತಾಗಿ ಹಾರ್ಮೋನು ಸುರಿಯುತ್ತದೆಯೇ?’ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯ ಸೆಂಟ್ರಿಫ್ಯೂಜ್‌ನಲ್ಲಿ ಪೈಲಟ್‌ಗಳ ಮುಖ ಜೋತುಬೀಳುವುದನ್ನು ನೋಡಿದವರಿಗೆ ಹಾಗೆ ಅನಿಸುವುದು ಸಹಜ. ಪೈಲಟ್‌ಗಳು ಭಾರೀ ಗುರುತ್ವವನ್ನು ತಾಳುವುದು ಸೆಕೆಂಡುಗಳ ಲೆಕ್ಕದಲ್ಲಿ. ನಮ್ಮ ಇಲಿ ಎರಡು ಪಟ್ಟು ಭಾರದಲ್ಲಿ ವಾರಗಟ್ಟಲೆ ಉಣ್ಣುತ್ತದೆ, ಮಲಗುತ್ತದೆ. ಸೆಂಟ್ರಿಫ್ಯೂಜ್‌ನ ತೋಳಿಗೆ ತೂಗುಬಿಟ್ಟ ಪಂಜರ ತಾನಾಗಿ ಓರೆಯಾಗುವುದರಿಂದ ಭಾರವೆಲ್ಲ ಪಾದದ ಕಡೆಗೇ ಬೀಳುತ್ತದೆ. ಗುರುತ್ವದ ಸುದ್ದಿ ಮೆದುಳಿಗೆ ಮುಟ್ಟುವ ಮುಖ್ಯ ದಾರಿಗಳಲ್ಲಿ ಒಳಕಿವಿಯೂ ಒಂದು. 2002ರಲ್ಲಿ ಫುಲ್ಲರ್ ಮತ್ತು ಸಂಗಡಿಗರು ಒಳಕಿವಿಯಲ್ಲಿ ಗುರುತ್ವವನ್ನು ಗ್ರಹಿಸುವ ಹರಳುಗಳೇ ಇಲ್ಲದ ಚಿಟ್ಟಿಲಿಗಳನ್ನು ಎರಡು ಪಟ್ಟು ಗುರುತ್ವದಲ್ಲಿ ಇರಿಸಿದರು. ಸಾಮಾನ್ಯ ಚಿಟ್ಟಿಲಿಗಳ ಮೈಶಾಖ ಚೆನ್ನಾಗಿಯೇ ಕುಸಿಯಿತು. ಹರಳಿಲ್ಲದ ಚಿಟ್ಟಿಲಿಗಳಲ್ಲಿ ಆ ಕುಸಿತ ಬಹುಮಟ್ಟಿಗೆ ಕಾಣಲಿಲ್ಲ. ಭಾರ ಎರಡಕ್ಕೂ ಒಂದೇ ಆಗಿತ್ತು. ಇದು ಮೈಶಾಖದ ಮಾತು, ಪ್ರತಿಯೊಂದು ಗ್ರಂಥಿಗೂ ಅನ್ವಯಿಸುತ್ತದೆ ಎನ್ನಲಾರೆ. ಆದರೆ ಹಿಂಡುವ ಕಥೆಯನ್ನು ಕೈಬಿಡಲು ಇಷ್ಟು ಸಾಕು.

ಹಾಗಾಗಿ ಸಂಶೋಧಕರಲ್ಲಿ ನನ್ನ ಬೇಡಿಕೆ ಸಣ್ಣದು. ಅಡ್ರಿನಲ್ ಎಂದರೆ ಮೂತ್ರಪಿಂಡದ ಬಳಿ ಕೊಬ್ಬಿನಲ್ಲಿ ಹುದುಗಿರುವ ಹಳದಿ ಮಿಶ್ರಿತ ಗುಲಾಬಿ ಕಾಳು. ಕೊಬ್ಬು ಸ್ವಲ್ಪ ಅಂಟಿಕೊಂಡಿದ್ದರೂ ತೂಕ ಕೆಡುತ್ತದೆ, ಒಣಗಲು ಬಿಟ್ಟರೂ ಕೆಡುತ್ತದೆ. ಮಸೂರದ ಕೆಳಗೆ ಬಿಡಿಸಿ ಕೂಡಲೇ ತೂಗಿ, ಬಂದ ತೂಕವನ್ನು ಹಾಗೆಯೇ ಬರೆಯಿರಿ. ಅನುಪಾತ ಬೇಕೇ ಬೇಕು ಎಂದಾದರೆ ಮೆದುಳಿನ ತೂಕಕ್ಕೆ ಹೋಲಿಸಿ. ಇಲಿ ಬಡವಾದರೂ ಮೆದುಳು ಅಷ್ಟಾಗಿ ಇಳಿಯುವುದಿಲ್ಲ. ರಕ್ತವನ್ನು ಸೆಂಟ್ರಿಫ್ಯೂಜ್ ನಿಲ್ಲಿಸಿ ಎಷ್ಟು ನಿಮಿಷಕ್ಕೆ ತೆಗೆದಿರಿ ಎಂಬುದನ್ನೂ ಬರೆಯಿರಿ. ಇಲಿಯನ್ನು ಕೈಯಲ್ಲಿ ಹಿಡಿದ ಕೆಲವೇ ನಿಮಿಷಗಳಲ್ಲಿ ಕಾರ್ಟಿಕೋಸ್ಟಿರೋನ್ ಏರತೊಡಗುತ್ತದೆ, ಅದನ್ನೂ ಗುರುತ್ವದ ಖಾತೆಗೆ ಬರೆದ ಪ್ರಬಂಧವೊಂದು ಈಗಲೂ ನನ್ನ ಮೇಜಿನ ಮೇಲಿದೆ.